ಮಾರ್ಕರ್‌ಗಳಿಗೆ ರಟ್ಟಿನ ಗೂಡೇ ಸಾಕು

ಚಿತ್ರ ಬಿಡಿಸೋ ಮಾರ್ಕರ್‌ಗಳನ್ನ ಇಡೋಕೆ ಅಂತಲೇ ಈಗ ಅಕ್ರಿಲಿಕ್ ಸ್ಟ್ಯಾಂಡು, ಗಿರಗಿರ ತಿರುಗೋ ಗೋಪುರ, ಝಿಪ್ಪಿನ ಬ್ಯಾಗು, ಏನೇನೋ ಸಿಗುತ್ತೆ. ಕೆಲವದರ ಬೆಲೆ ನೋಡಿದ್ರೆ ಎಮ್ಮೆಗಿಂತ ಹಗ್ಗಕ್ಕೇ ಹೆಚ್ಚು ಕೊಟ್ಟ ಹಾಗಾಗುತ್ತೆ. ನನ್ನ ಪ್ರಕಾರ ಆ ದುಡ್ಡು ದಂಡ. ಅಟ್ಟದ ಮೇಲಿರೋ ರಟ್ಟಿನ ಡಬ್ಬ, ಪ್ಲಂಬರ್ ಬಿಟ್ಟುಹೋದ ಪೈಪಿನ ತುಂಡು, ಒಂದು ಸ್ಕೇಲು, ಒಂದು ಬ್ಲೇಡು ಇದ್ರೆ ಅದಕ್ಕಿಂತ ಒಳ್ಳೇದನ್ನ ಮನೆಯಲ್ಲೇ ಮಾಡ್ಕೋಬಹುದು. "ದುಡ್ಡಿಲ್ಲ, ಇದ್ರಲ್ಲೇ ಸುಧಾರಿಸ್ಕೋ" ಅನ್ನೋ ಅರ್ಥದಲ್ಲಿ ಹೇಳ್ತಿಲ್ಲ. ನಿಜವಾಗ್ಲೂ ಒಳ್ಳೇದು.

ಯಾಕೆ ಅಂದ್ರೆ, ಅಂಗಡಿ ಸ್ಟ್ಯಾಂಡುಗಳಲ್ಲಿ ತುಂಬಾ ಮಟ್ಟಿಗೆ ಮಾರ್ಕರ್‌ಗಳನ್ನ ನಿಲ್ಲಿಸಿ ಇಡಬೇಕು. ಫೋಟೋದಲ್ಲಿ ಅದೇ ಚೆಂದ. ಆದ್ರೆ ಈಗ ಮಕ್ಕಳೆಲ್ಲ ಆಸೆಪಡೋ ಆಲ್ಕೋಹಾಲ್ ಮಾರ್ಕರ್ ಇದೆಯಲ್ಲ, ಅದಕ್ಕೆ ಎರಡೂ ಕಡೆ ಮೂತಿ. ಒಂದು ಕಡೆ ಅಗಲ, ಇನ್ನೊಂದು ಕಡೆ ಸಣ್ಣ. ಹೊಟ್ಟೆಯಲ್ಲಿ ಇಂಕು ಹೀರಿಕೊಂಡ ಬತ್ತಿ ಎರಡು ಮೂತಿಗೂ ಸೇರಿ ಒಂದೇ. ತಿಂಗಳುಗಟ್ಟಲೆ ನಿಲ್ಲಿಸಿಟ್ರೆ ಇಂಕು ನಿಧಾನಕ್ಕೆ ಕೆಳಗಿನ ಮೂತಿಗೆ ಇಳಿಯುತ್ತೆ, ಮೇಲಿನದು ಗೀರುಗೀರಾಗಿ ಬರೆಯೋಕೆ ಶುರುಮಾಡುತ್ತೆ. ಮಲಗಿಸಿಟ್ರೆ ಈ ತಕರಾರಿಲ್ಲ. ಅಲ್ಲಾಡಿಸಿ ಬರೆಯೋ ಪೇಂಟ್ ಮಾರ್ಕರ್‌ಗಳಿಗೂ ಮಲಗೋದೇ ಹಿತ, ಅದರಲ್ಲಿ ಬಣ್ಣದ ಪುಡಿ ತಳಕ್ಕೆ ಕೂರುತ್ತೆ. ಒಂದೇ ಮೂತಿಯ ಮಾಮೂಲಿ ಸ್ಕೆಚ್ ಪೆನ್ನು ಮಾತ್ರ ಹಳೇ ಲೋಟದಲ್ಲಿ ಮೂತಿ ಕೆಳಗೆ ಮಾಡಿ ನಿಲ್ಲಿಸಿದ್ರೂ ನಡೆಯುತ್ತೆ.

ಇನ್ನೊಂದು ವಿಷಯ. ಜಪಾನಿನ ಕಾಪಿಕ್ ಮಾರ್ಕರ್ 1987ರಲ್ಲಿ ಬಂದದ್ದು, ಈಗ 358 ಬಣ್ಣಗಳಲ್ಲಿದೆ. ಬೆಲೆ ಜಾಸ್ತಿ ನಿಜ, ಆದ್ರೆ ಇಂಕು ಮುಗಿದ್ರೆ ತುಂಬಿಸ್ಕೋಬಹುದು, ನಿಬ್ ಸವೆದ್ರೆ ಬೇರೆ ಹಾಕ್ಕೋಬಹುದು. ನಮ್ಮ ಮಕ್ಕಳ ಕೈಗೆ ಬರೋ 60 ಬಣ್ಣದ ಅಗ್ಗದ ಸೆಟ್ಟುಗಳಿಗೆ ಸಾಮಾನ್ಯವಾಗಿ ಆ ಭಾಗ್ಯ ಇಲ್ಲ, ಒಣಗಿದ್ರೆ ಕಸದ ಬುಟ್ಟಿಗೆ. ಅಂದ್ರೆ ಜೋಪಾನವಾಗಿ ಇಡೋ ಚಿಂತೆ ದುಬಾರಿ ಮಾರ್ಕರ್‌ನೋರಿಗಿಂತ ಅಗ್ಗದ ಮಾರ್ಕರ್‌ನೋರಿಗೇ ಹೆಚ್ಚು ಬೇಕು. ದುಬಾರಿ ಸ್ಟ್ಯಾಂಡು ಕೊಳ್ಳೋಕೆ ಆಗದೇ ಇರೋರೂ ಅವರೇ! ಮನೆಯಲ್ಲೇ ಮಾಡ್ಕೊಳ್ಳಿ ಅಂತ ನಾನು ಇಷ್ಟು ಒತ್ತಿ ಹೇಳ್ತಿರೋದು ಇದಕ್ಕೇ.

ಸರಿ, ಮಾಡೋದು ಹೇಗೆ? ದೊಡ್ಡವರ ಶೂ ಬಂದ ಡಬ್ಬ ತಗೊಳ್ಳಿ. ಸುಮಾರು 30 ಸೆಂಟಿಮೀಟರ್ ಉದ್ದ, 18 ಅಗಲ, 11 ಆಳ ಇರುತ್ತೆ. ಮುಚ್ಚಳ ತೆಗೆದು, ಬಾಯಿ ನಿಮ್ಮ ಕಡೆ ಬರೋ ಹಾಗೆ ಉದ್ದದ ಪಕ್ಕದ ಮೇಲೆ ಕೂರಿಸಿ. ಒಳಗೆ ಅಡ್ಡಕ್ಕೆ ಎರಡು ರಟ್ಟಿನ ಹಲಗೆ ಹಾಕಿದ್ರೆ ಮೂರು ಖಾನೆ ಆಯ್ತು. ಹಲಗೆಗೆ ಸಾಮಾನು ಪ್ಯಾಕ್ ಆಗಿ ಬರೋ ಅಲೆಅಲೆ ರಟ್ಟೇ ಒಳ್ಳೇದು. ಆದ್ರೆ ಆ ಅಲೆಯ ಗೆರೆಗಳು ಹಲಗೆಯ ಉದ್ದಕ್ಕೆ ಓಡಬೇಕು. ಅಡ್ಡಕ್ಕೆ ಓಡಿದ್ರೆ ವಾರದೊಳಗೆ ಹಲಗೆ ಜೋತುಬೀಳುತ್ತೆ. 60 ಮಾರ್ಕರ್ ಅಂದ್ರೆ ಹತ್ತಿರ ಹತ್ತಿರ ಒಂದು ಕಿಲೋ ಭಾರ, ತಮಾಷೆ ಅಲ್ಲ. ಎರಡು ಪದರ ಅಂಟಿಸಿ, ಮಧ್ಯೆ ಒಂದು ರಟ್ಟಿನ ಕಂಬ ಕೊಡಿ, ಎರಡು ಪಕ್ಕಕ್ಕೂ ಹಲಗೆ ಕೂರೋಕೆ ರಟ್ಟಿನ ಪಟ್ಟಿ ಅಂಟಿಸಿ. ಒಂದೊಂದು ಖಾನೆಯಲ್ಲಿ ಎರಡು ಸಾಲು ಪೇರಿಸಿದ್ರೂ 25 ಮಾರ್ಕರ್ ಆರಾಮಾಗಿ ಮಲಗ್ತವೆ. ಮಾರ್ಕರ್ ಉದ್ದ 15 ಸೆಂಟಿಮೀಟರ್ ಇದ್ರೆ 4 ಸೆಂಟಿಮೀಟರ್ ಹೊರಗೆ ಇಣುಕುತ್ತೆ. ಇಣುಕಲಿ ಬಿಡಿ, ಹಿಡಿದು ಎಳೆಯೋಕೆ ಅದೇ ಅನುಕೂಲ.

ಅಂಟಿಗೆ ಫೆವಿಕಾಲ್ ಸಾಕು. ಮೈದಾ ಅಂಟು ಇನ್ನೂ ಅಗ್ಗ, ಆದ್ರೆ ಜಿರಳೆಗಳಿಗೆ ಹಬ್ಬದೂಟ. ಹಿಂದೆ ಪುಸ್ತಕ ಬೈಂಡ್ ಮಾಡೋರು ಹುಳ ಬರದೇ ಇರಲಿ ಅಂತ ಅದಕ್ಕೆ ಮೈಲುತುತ್ತ ಬೆರೆಸ್ತಿದ್ರು. ಅದು ವಿಷ, ಮಕ್ಕಳು ಮುಟ್ಟೋ ವಸ್ತುವಿಗೆ ಖಂಡಿತ ಬೇಡ.

ಮಲೆನಾಡು, ಕರಾವಳಿ ಕಡೆಯೋರಿಗೆ ಮಾತ್ರ ನಾನು ರಟ್ಟು ಹೇಳೋದಿಲ್ಲ. ಆಷಾಢದ ಮಳೆಗೆ ರಟ್ಟು ಮೆತ್ತಗಾಗಿ ಬೂಸ್ಟು ಹಿಡಿಯುತ್ತೆ. ಅಲ್ಲಿಗೆ ಪಿವಿಸಿ ಪೈಪೇ ಸರಿ. 63 ಮಿಲಿಮೀಟರಿನ ಪೈಪನ್ನ 12 ಸೆಂಟಿಮೀಟರ್ ತುಂಡುಗಳಾಗಿ ಹ್ಯಾಕ್ಸಾ ಬ್ಲೇಡಿನಲ್ಲಿ ಕೊಯ್ದು, ಅಂಚನ್ನ ಉಪ್ಪುಕಾಗದದಲ್ಲಿ ಉಜ್ಜಿ, ಜೇನುಗೂಡಿನ ಹಾಗೆ ಒಂದರ ಮೇಲೊಂದು ಮಲಗಿಸಿ ದಾರದಲ್ಲಿ ಬಿಗಿಯಾಗಿ ಕಟ್ಟಿ. ಮೂರು ಮೀಟರ್ ಪೈಪಿನಲ್ಲಿ 24 ತುಂಡು ಬರುತ್ತೆ. ಅಷ್ಟು ಯಾರಿಗೂ ಬೇಡ, ಎಂಟು ಹತ್ತು ತುಂಡಿಗೆ ಪ್ಲಂಬರ್ ಹತ್ರ ಉಳಿದದ್ದೇ ಸಾಲುತ್ತೆ. ಕೊಯ್ಯುವಾಗ ಬ್ಲೇಡಿಗೆ ನೀರು ಹಾಕ್ತಾ ಇರಿ, ಪಿವಿಸಿ ಧೂಳು ಮೂಗಿಗೆ ಹೋಗೋದು ಒಳ್ಳೇದಲ್ಲ. ನೀಲಿಗಳೆಲ್ಲ ಒಂದು ತುಂಡಿನಲ್ಲಿ, ಹಸಿರುಗಳೆಲ್ಲ ಇನ್ನೊಂದರಲ್ಲಿ ಹಾಕಿದ್ರೆ ಹುಡುಕಾಟ ಇಲ್ಲ.

ಹೊರದೇಶದ ವಿಡಿಯೋಗಳಲ್ಲಿ ಇದಕ್ಕೆ ಟಾಯ್ಲೆಟ್ ಪೇಪರಿನ ಕೊಳವೆ ಬಳಸಿ ಅಂತಾರೆ. ಚೊಂಬಿನ ಸಂಸ್ಕೃತಿಯೋರು ನಾವು, ಅದನ್ನ ಎಲ್ಲಿಂದ ತರೋಣ :) ಆದ್ರೆ ಫ್ಲೆಕ್ಸ್ ಪ್ರಿಂಟ್ ಹಾಕೋ ಅಂಗಡಿಯಲ್ಲಿ ಕೇಳಿ ನೋಡಿ, ರೋಲಿನ ಒಳಗಿನ ದಪ್ಪ ರಟ್ಟಿನ ಕೊಳವೆಗಳು ಮೂಲೆಯಲ್ಲಿ ಬಿದ್ದಿರ್ತವೆ.

ಯಾವ ಗೂಡು ಮಾಡಿದ್ರೂ ಒಂದು ಕೆಲಸ ತಪ್ಪಿಸಬೇಡಿ. ಮಾರ್ಕರಿನ ಮುಚ್ಚಳದ ಬಣ್ಣವೇ ಬೇರೆ, ಕಾಗದದ ಮೇಲೆ ಬರೋ ಬಣ್ಣವೇ ಬೇರೆ. ಅಗ್ಗದ ಸೆಟ್ಟುಗಳಲ್ಲಂತೂ ಹೇಳೋದೇ ಬೇಡ. ನೀವು ಚಿತ್ರ ಬರೆಯೋ ಕಾಗದದ ಮೇಲೇ ಒಂದೊಂದನ್ನೂ ಬಳಿದು, ಒಣಗಿದ ಮೇಲೆ ಚಿಕ್ಕ ಚಿಕ್ಕ ಚೌಕ ಕತ್ತರಿಸಿ, ನಂಬರ್ ಬರೆದು ಹೊರಗೆ ಇಣುಕೋ ತುದಿಗೆ ಅಂಟಿಸಿ. ಒಂದು ಸಂಜೆಯ ಕೆಲಸ. ಚೀಲದ ತಳದಲ್ಲಿ ಬಿದ್ದ ಮಾರ್ಕರ್ ಕಣ್ಣಿಗೆ ಬೀಳಲ್ಲ, ಕಣ್ಣಿಗೆ ಬೀಳದ್ದನ್ನ ಮಗು ಬಳಸಲ್ಲ. 60 ಬಣ್ಣ ಇದ್ರೂ ಅದೇ ಕೆಂಪು, ಅದೇ ನೀಲಿ, ಅದೇ ಹಸಿರು. ಹಾಗೇ ಗೂಡನ್ನ ಕಿಟಕಿ ಬಿಸಿಲಿಗೆ ಇಡಬೇಡಿ. ಶಾಖಕ್ಕೆ ಇಂಕು ಬೇಗ ಆರುತ್ತೆ, ಅಂಟಿಸಿದ ಚೌಕಗಳ ಬಣ್ಣವೂ ಬೆಳಕಿಗೆ ಮಾಸುತ್ತೆ.

ಈಗ ಹೊಟ್ಟೆಯುರಿಯ ಮಾತು. ಶಾಲೆಗಳಲ್ಲಿ "ಕಸದಿಂದ ರಸ" ಅಂತ ಪ್ರಾಜೆಕ್ಟ್ ಕೊಡ್ತಾರಲ್ಲ, ಎಷ್ಟು ಮನೆಗಳಲ್ಲಿ ಅದು ಕಸದಿಂದ ಆಗುತ್ತೆ ಹೇಳಿ? ಹಿಂದಿನ ರಾತ್ರಿ ಅಪ್ಪ ಅಂಗಡಿಗೆ ಓಡ್ತಾನೆ. ಹೊಸ ಥರ್ಮಾಕೋಲು, ಹೊಸ ಗ್ಲಿಟರು, ಐಸ್‌ಕ್ರೀಮ್ ತಿನ್ನದೇ ಐಸ್‌ಕ್ರೀಮ್ ಕಡ್ಡಿಯ ಹೊಸ ಪ್ಯಾಕೆಟ್ಟು! ಅಮ್ಮ ಹನ್ನೊಂದು ಗಂಟೆ ತನಕ ಅಂಟಿಸ್ತಾಳೆ, ಮಗು ನಿದ್ದೆ ಮಾಡುತ್ತೆ. ಮಾರ್ಕ್ಸ್ ಬಂದ ಮೇಲೆ ಅದು ನಿಜವಾಗ್ಲೂ ಕಸ. ಅದರ ಬದಲು ಮೇಷ್ಟ್ರುಗಳು "ನಿನ್ನ ಬಣ್ಣಗಳಿಗೆ ನೀನೇ ಒಂದು ಗೂಡು ಮಾಡ್ಕೊಂಡು ಬಾ, ಅಂಗಡಿಯಿಂದ ಅಂಟು ಬಿಟ್ಟು ಏನೂ ತರಬಾರದು" ಅಂತ ಹೇಳಿದ್ರೆ? ಮಗು ತನ್ನ ಮಾರ್ಕರನ್ನ ಸ್ಕೇಲಿಟ್ಟು ಅಳೆಯುತ್ತೆ, ಡಬ್ಬಕ್ಕೆ ಎಷ್ಟು ಹಿಡಿಯುತ್ತೆ ಅಂತ ಭಾಗಾಕಾರ ಮಾಡುತ್ತೆ, ಮೊದಲನೇ ಹಲಗೆ ಬಾಗಿದಾಗ ಯಾಕೆ ಬಾಗಿತು ಅಂತ ತಲೆ ಕೆರ್ಕೊಳ್ಳುತ್ತೆ. ಬ್ಲೇಡಿನ ಕೆಲಸ ಮಾತ್ರ ದೊಡ್ಡೋರು ಮಾಡಿಕೊಟ್ರೆ ಆಯ್ತು.

"ಅಯ್ಯೋ, ಶೂ ಡಬ್ಬ ಮೇಜಿನ ಮೇಲೆ ಚೆನ್ನಾಗಿ ಕಾಣಲ್ಲ" ಅನ್ನೋರೂ ಇದ್ದಾರೆ. ಹೋದ ವರ್ಷದ ಕ್ಯಾಲೆಂಡರಿನ ಹಾಳೆಯನ್ನ ಬಿಳಿ ಬದಿ ಹೊರಗೆ ಬರೋ ಹಾಗೆ ಡಬ್ಬಕ್ಕೆ ಸುತ್ತಿ ಅಂಟಿಸಿ. ಅದರ ಮೇಲೆ ಏನು ಬೇಕೋ ಬಿಡಿಸಿಕೊಳ್ಳಿ, ಮಾರ್ಕರ್ ಹೇಗೂ ಅಲ್ಲೇ ಇದೆಯಲ್ಲ.