ಹುಣಸೆ ಸುಗ್ಗಿಯಲ್ಲಿ ಖಾಲಿಯಾಗುವ ಬೆಂಚುಗಳು

ನಮ್ಮ ಮಧುಗಿರಿ ತಾಲ್ಲೂಕಿನ ಮಿಡಿಗೇಶಿ ಕಡೆ ಬಾಲಕಾರ್ಮಿಕ ಕಾಯ್ದೆಯ ಮಾತೆತ್ತಿದರೆ ಮೊದಲು ಬರುವ ಆಕ್ಷೇಪ: ‘ಹೊಟ್ಟೆಗಿಲ್ಲದವರಿಗೆ ಕಾನೂನು ಹೇಳಬೇಡಿ.’ ಹೊಟ್ಟೆಯ ಪ್ರಶ್ನೆಯನ್ನು ನ್ಯಾಯಾಲಯ ಮರೆತಿರಲಿಲ್ಲ. ಎಂ.ಸಿ. ಮೆಹ್ತಾ ಪ್ರಕರಣದಲ್ಲಿ 1996ರ ಡಿಸೆಂಬರ್ 10ರಂದು ಸುಪ್ರೀಂ ಕೋರ್ಟ್ ಹೇಳಿದ್ದು ಇದು: ಅಪಾಯದ ಕೆಲಸಕ್ಕೆ ಮಗುವನ್ನು ಇಟ್ಟುಕೊಂಡ ಮಾಲೀಕ ತಲಾ 20,000 ರೂಪಾಯಿ ಕಟ್ಟಬೇಕು, ಆ ಮನೆಯ ದೊಡ್ಡವರೊಬ್ಬರಿಗೆ ಸರ್ಕಾರ ಕೆಲಸ ಕೊಡಿಸಬೇಕು, ಆಗದಿದ್ದರೆ ತಾನೂ 5,000 ರೂಪಾಯಿ ಸೇರಿಸಬೇಕು. ಬಡತನದ ಬಗ್ಗೆ ನಿಜವಾಗಿ ಮರುಗುವವರು ಈ ತೀರ್ಪು ಜಾರಿಯಾಗಲಿ ಎಂದು ಕೇಳಬೇಕಿತ್ತು. ಮಗು ಅಗ್ಗಕ್ಕೆ ಸಿಗುವವರೆಗೆ ತಾಯಿಯ ಕೂಲಿ ಏರುವುದಿಲ್ಲ.

‘ಮನೆಯಲ್ಲೇ ಕೂತು ಮಾಡುವ ಕೆಲಸ, ಕಾರ್ಖಾನೆಯಲ್ಲವಲ್ಲ’ ಎಂಬುದು ಇನ್ನೊಂದು ವಾದ. ಹೆಚ್ಚು ಜನ ನಂಬಿರುವುದೂ ಇದನ್ನೇ. ನಮ್ಮ ಹುಣಸೆಹಣ್ಣನ್ನೇ ನೋಡಿ. ಸಿಪ್ಪೆ ಸುಲಿಯಬೇಕು, ನಾರು ಎಳೆಯಬೇಕು, ಕಲ್ಲಿನ ಮೇಲಿಟ್ಟು ಕುಟ್ಟಿ ಬೀಜ ಬಿಡಿಸಬೇಕು. ಏಟು ತಪ್ಪಿದರೆ ಬೆರಳು ಜಜ್ಜುತ್ತದೆ, ಆ ಗಾಯಕ್ಕೆ ಹುಳಿ ಇಳಿದರೆ ಉರಿ ತಡೆಯಲಾಗದು. ಸುಗ್ಗಿ ಬರುವುದು ಫೆಬ್ರವರಿ, ಮಾರ್ಚ್‌ನಲ್ಲಿ, ವಾರ್ಷಿಕ ಪರೀಕ್ಷೆ ಹತ್ತಿರವಾದಾಗ. ಬಾಲಕಾರ್ಮಿಕ ಕಾಯ್ದೆಗೆ ಬಂದ 2016ರ ತಿದ್ದುಪಡಿ ಇಂಥ ದುಡಿಮೆಯಲ್ಲಿ ಮಕ್ಕಳಿಗೆ ಬಿಟ್ಟುಕೊಟ್ಟಿರುವುದು ಸ್ವಂತ ಕುಟುಂಬದ ಕೆಲಸದಲ್ಲಿ ನೆರವಾಗುವುದನ್ನು ಮಾತ್ರ. ಅದೂ ಅಪಾಯವಿಲ್ಲದ ಕೆಲಸದಲ್ಲಿ, ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ. ಆದರೆ ಇಲ್ಲಿ ಹಣ್ಣು ವ್ಯಾಪಾರಿಯದು, ಕೂಲಿ ಕೆಜಿ ಲೆಕ್ಕದ್ದು. ಜಗುಲಿ ಮಾತ್ರ ನಮ್ಮದು. ಇದನ್ನು ಕುಟುಂಬದ ಉದ್ಯಮವೆಂದು ನಾನು ಒಪ್ಪಲಾರೆ. ಹೋಗಲಿ, ಒಪ್ಪಿದರೂ ಶಾಲೆಯ ಹೊತ್ತಿನಲ್ಲಿ ಮಗುವನ್ನು ಕೂರಿಸಿಕೊಳ್ಳುವುದಕ್ಕೆ ಕಾಯ್ದೆಯಲ್ಲಿ ಜಾಗವೇ ಇಲ್ಲ. ತಿದ್ದುಪಡಿಯ ಈ ಸಡಿಲಿಕೆಯೇ ತಪ್ಪೆಂಬುದು ನನ್ನ ಅಭಿಪ್ರಾಯ. ನಾಲ್ಕು ಗೋಡೆಯೊಳಗೆ ಎಷ್ಟು ಹೊತ್ತು ದುಡಿಸಿದರೆಂದು ಯಾವ ಇನ್ಸ್‌ಪೆಕ್ಟರ್ ಅಳೆಯಬಲ್ಲ?

‘ಕಸುಬು ಕಲಿಯಲಿ ಬಿಡಿ’ ಎನ್ನುವವರೂ ಇದ್ದಾರೆ. ಹುಣಸೆ ಕುಟ್ಟುವುದನ್ನು ಕಲಿಯಲು ಒಂದು ದಿನ ಸಾಕು. ಹತ್ತು ವರ್ಷ ಕುಟ್ಟಿದವಳಿಗೂ ಅದೇ ಕೆಜಿ ಲೆಕ್ಕ.

ಓದಿದವರು ಎತ್ತುವ ಆಕ್ಷೇಪ ಬೇರೆ: ಇವೆಲ್ಲ ಪರದೇಶದ ಕಾನೂನು, ನಮ್ಮ ಗಿರಣಿಗಳನ್ನು ಹತ್ತಿಕ್ಕಲು ಇಂಗ್ಲೆಂಡಿನ ಲ್ಯಾಂಕಷೈರ್ ಗಿರಣಿ ಮಾಲೀಕರು ತರಿಸಿದ್ದು. 1881ರ ಫ್ಯಾಕ್ಟರಿ ಕಾಯ್ದೆಯ ಹಿಂದೆ ಆ ಸ್ವಾರ್ಥ ಇದ್ದದ್ದು ನಿಜ. ಆದರೆ ಅದಕ್ಕೂ ಮೊದಲು, 1878ರಲ್ಲೇ, ಮುಂಬೈನ ಸೊರಾಬ್ಜಿ ಶಾಪುರ್ಜಿ ಬೆಂಗಾಲಿ ಗಿರಣಿ ಕಾರ್ಮಿಕರ ರಕ್ಷಣೆಗೆ ಮಸೂದೆ ಸಿದ್ಧಪಡಿಸಿದ್ದರು. ಅವರು ಇಲ್ಲಿಯವರೇ. 1881ರ ಕಾಯ್ದೆಯಾದರೂ ಮಕ್ಕಳಿಗೆ ಕೊಟ್ಟದ್ದೆಷ್ಟು? 7 ವರ್ಷದೊಳಗಿನವರನ್ನು ಸೇರಿಸಬಾರದು, 12ರೊಳಗಿನವರನ್ನು ದಿನಕ್ಕೆ 9 ಗಂಟೆ ಮೀರಿ ದುಡಿಸಬಾರದು, ಮುಖ್ಯವಾಗಿ ಇಷ್ಟೇ. ಅಷ್ಟಕ್ಕೂ ಉದ್ಯಮ ಮುಳುಗುತ್ತದೆ ಎಂಬ ಕೂಗೆದ್ದಿತ್ತು. ಮುಂಬೈ ಗಿರಣಿಗಳು ಆಮೇಲೂ ದಶಕಗಳ ಕಾಲ ಬೆಳೆದವು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿ ನಮ್ಮದು ಪ್ರತ್ಯೇಕ ಶೈಕ್ಷಣಿಕ ಜಿಲ್ಲೆ. ಇಲ್ಲಿನ ಮುಖ್ಯೋಪಾಧ್ಯಾಯರಲ್ಲಿ, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರಲ್ಲಿ ನನ್ನ ಕೋರಿಕೆ: ಸುಗ್ಗಿಯ ತಿಂಗಳ ಹಾಜರಿ ಪುಸ್ತಕ ತೆಗೆದು, ಬಾರದ ಮಗುವಿನ ಮನೆಗೆ ಅವತ್ತೇ ಹೋಗಿ. ಮಗುವನ್ನು ಕೂಲಿಗಿಟ್ಟವರು ಒಪ್ಪದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.