ಕಪ್ಪೆ ಮೊಟ್ಟೆಗೆ ಚಿಪ್ಪಿನ ರಕ್ಷಣೆಯಿಲ್ಲ

ಬೆಂಗಳೂರಿನ ಪೀಣ್ಯದ ಕಾರ್ಖಾನೆಗಳ ತ್ಯಾಜ್ಯ ಹೊತ್ತ ವೃಷಭಾವತಿ ನದಿ ಬಿಡದಿ ಬಳಿಯ ಬೈರಮಂಗಲ ಕೆರೆ ಸೇರುತ್ತದೆ. ನೊರೆ, ನಾತದ ಬಗ್ಗೆ ದೂರುವ ನಾವು ಅಲ್ಲಿನ ಕಪ್ಪೆಗಳನ್ನು ಮರೆತೇಬಿಟ್ಟಿದ್ದೇವೆ. ಕಪ್ಪೆ ಮೊಟ್ಟೆಗಿರುವುದು ಬರೀ ಲೋಳೆಯ ಹೊದಿಕೆ. ನೀರಿನಲ್ಲಿ ಕರಗಿದ ತಾಮ್ರ, ನಿಕಲ್, ಕ್ಯಾಡ್ಮಿಯಂ ಅದನ್ನು ದಾಟಿ ಭ್ರೂಣವನ್ನು ಮುಟ್ಟುತ್ತವೆ. ಆಫ್ರಿಕಾದ ಕ್ಸೆನೋಪಸ್ ಕಪ್ಪೆಯ ಭ್ರೂಣಗಳನ್ನು 96 ಗಂಟೆ ಇಂಥ ಲೋಹ ಬೆರೆತ ನೀರಿನಲ್ಲಿಟ್ಟ ಪ್ರಯೋಗಗಳಲ್ಲಿ ಬೆನ್ನು, ಬಾಲ ಡೊಂಕಾಗಿವೆ, ಮೈ ಊದಿಕೊಂಡಿದೆ, ಒಪ್ಪವಾಗಿ ಸುರುಳಿ ಸುತ್ತಬೇಕಾದ ಕರುಳು ಅಡ್ಡಾದಿಡ್ಡಿ ಬೆಳೆದಿದೆ. ಬಾಲ ಡೊಂಕಾದ ಗೊದಮೊಟ್ಟೆ ಈಜಿ ಬದುಕುವುದಾದರೂ ಹೇಗೆ? ಮುಂಗಾರಿನಲ್ಲಿ ಕಪ್ಪೆಗಳು ಮೊಟ್ಟೆಯಿಡುವ ವೇಳೆಗೇ ಕೆರೆ ನೀರಿನ ಲೋಹದ ಪ್ರಮಾಣ ಅಳೆದು, ವರದಿಯನ್ನು ಸುತ್ತಲಿನ ಪಂಚಾಯಿತಿಗಳಲ್ಲಿ ಕನ್ನಡದಲ್ಲೇ ಅಂಟಿಸಬೇಕೆಂದು ಸಂಬಂಧಪಟ್ಟವರನ್ನು ಒತ್ತಾಯಿಸುತ್ತೇನೆ.

– ಓದುಗ, ರಾಮನಗರ