ಕೋಡ್ ಬರೆಯುವವರ ಭಾಷಾ ಸಮಿತಿ

2018ರ ಸೆಪ್ಟೆಂಬರ್ 16. ಭಾದ್ರಪದದ ದಶಲಕ್ಷಣ ಪರ್ವ ನಡೆಯುತ್ತಿದ್ದ ದಿನಗಳವು. ಬಸದಿಗಳಲ್ಲಿ ಉತ್ತಮ ಕ್ಷಮೆ, ಉತ್ತಮ ಮಾರ್ದವಗಳ ಪ್ರವಚನ ಮುಗಿದು ಉತ್ತಮ ಆರ್ಜವದ ಸರದಿ ಬಂದಿತ್ತು. ಈ ಪರ್ವದೊಡನೆ ಯಾವ ನಂಟೂ ಇರದ ತಂತ್ರಜ್ಞರೊಬ್ಬರು ಅಂದೇ ತಮ್ಮ ಸಹೋದ್ಯೋಗಿಗಳಿಗೆಲ್ಲ ಒಂದು ಬಹಿರಂಗ ಪತ್ರ ಬರೆದರು. ವರ್ಷಗಳಿಂದ ತಾವು ಆಡುತ್ತ ಬಂದ ವೈಯಕ್ತಿಕ ನಿಂದೆಯ ಮಾತುಗಳಿಗೆ ಸಮರ್ಥನೆಯಿಲ್ಲವೆಂದು ಒಪ್ಪಿಕೊಂಡರು. ತಮ್ಮಿಂದ ನೊಂದವರ, ನೊಂದು ಕೆಲಸವನ್ನೇ ತೊರೆದಿರಬಹುದಾದವರ ಕ್ಷಮೆ ಯಾಚಿಸಿದರು. ಇತರರ ಭಾವನೆಗಳನ್ನು ಅರಿಯಲು ನೆರವು ಪಡೆಯುವುದಾಗಿಯೂ ಕೆಲವು ಕಾಲ ಕೆಲಸದಿಂದ ದೂರವಿರುವುದಾಗಿಯೂ ತಿಳಿಸಿದರು. ಅವರ ಹೆಸರು ಲಿನಸ್ ಟೋರ್ವಾಲ್ಡ್ಸ್.

ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದಾಗ, 1991ರಲ್ಲಿ, ಅವರು ಆರಂಭಿಸಿದ ಲಿನಕ್ಸ್ ಎಂಬ ತಂತ್ರಾಂಶವನ್ನು ಅರಿತೋ ಅರಿಯದೆಯೋ ಬಳಸದವರು ಇಂದು ವಿರಳ. ಆಂಡ್ರಾಯ್ಡ್ ಫೋನಿನ ಒಡಲಲ್ಲಿರುವುದು ಅದೇ. 2017ರ ನವೆಂಬರ್‌ನಿಂದ ಜಗತ್ತಿನ ಅತಿವೇಗದ 500 ಸೂಪರ್ ಕಂಪ್ಯೂಟರ್‌ಗಳೆಲ್ಲವೂ ಅದರ ಮೇಲೆಯೇ ನಡೆಯುತ್ತಿವೆ. ಅದರ ಮೂಲ ಬರಹ ಎಲ್ಲರಿಗೂ ತೆರೆದಿದೆ. ಯಾರು ಬೇಕಾದರೂ ಓದಬಹುದು, ತಿದ್ದಿ ಕಳುಹಿಸಬಹುದು. ಒಂಬತ್ತು ಹತ್ತು ವಾರಗಳಿಗೊಮ್ಮೆ ಬರುವ ಒಂದೊಂದು ಆವೃತ್ತಿಯಲ್ಲೂ ಸಾವಿರಕ್ಕೂ ಹೆಚ್ಚು ಜನರ ಹತ್ತು ಸಾವಿರಕ್ಕೂ ಮಿಗಿಲಾದ ತಿದ್ದುಪಡಿಗಳು ಸೇರುತ್ತವೆ. ಕೆಲವರಿಗೆ ಕಂಪನಿಗಳ ಸಂಬಳವಿದೆ, ಕೆಲವರಿಗೆ ಇಲ್ಲ. ಬಹುಮಂದಿ ಪರಸ್ಪರರ ಮುಖವನ್ನೇ ಕಂಡವರಲ್ಲ. ಅವರನ್ನು ಬೆಸೆದಿರುವುದು ಮಾತೊಂದೇ. ಒಬ್ಬರು ಕಳುಹಿಸಿದ ಪ್ಯಾಚನ್ನು ಮತ್ತೊಬ್ಬರು ಪರಿಶೀಲಿಸಿ ಇದು ಸರಿ, ಇದು ತಪ್ಪು ಎಂದು ಬರೆಯುವ ಮಾತು.

ಆ ಮಾತು ಬಹುಕಾಲ ಅಲ್ಲಿ ಅತಿ ಕಠೋರವಾಗಿತ್ತು. ಅದಕ್ಕೊಂದು ಸಮರ್ಥನೆಯೂ ಸಿದ್ಧವಿತ್ತು: ಕೆಟ್ಟ ಕೋಡ್ ಒಳಹೊಕ್ಕರೆ ಕೋಟ್ಯಂತರ ಯಂತ್ರಗಳು ಕೆಡುತ್ತವೆ, ಆದ್ದರಿಂದ ಬಾಗಿಲು ಕಾಯುವವನು ಕಟುವಾಗಿರಲೇಬೇಕು. 2015ರಲ್ಲಿ ಅಳವಡಿಸಿಕೊಂಡ ಒಂದು ಚಿಕ್ಕ ನಿಯಮಪತ್ರದ ಹೆಸರೇ ‘ಸಂಘರ್ಷದ ಸಂಹಿತೆ’ ಎಂದಿತ್ತು; ಕಟು ವಿಮರ್ಶೆ ಸಹಜವೆಂಬುದು ಅದರ ಧಾಟಿ. ಟೋರ್ವಾಲ್ಡ್ಸ್ ಕ್ಷಮೆ ಯಾಚಿಸಿದ ದಿನಗಳಲ್ಲಿಯೇ ಅದು ಹೋಗಿ ನಡವಳಿಕೆಯ ಸಂಹಿತೆ ಬಂದಿತು. 2014ರಲ್ಲಿ ರೂಪುಗೊಂಡು ಅನೇಕ ಮುಕ್ತ ತಂತ್ರಾಂಶ ಯೋಜನೆಗಳು ಸ್ವೀಕರಿಸಿದ್ದ ಕಾಂಟ್ರಿಬ್ಯೂಟರ್ ಕವನೆಂಟ್ ಎಂಬ ಒಡಂಬಡಿಕೆಯೇ ಇದಕ್ಕೆ ಆಧಾರ. ಅವಮಾನಕರ ಮಾತು, ವೈಯಕ್ತಿಕ ದಾಳಿ, ಕೆಣಕುವಿಕೆ, ಒಬ್ಬರ ಖಾಸಗಿ ವಿವರಗಳನ್ನು ಬಯಲುಮಾಡುವುದು, ಇವೆಲ್ಲ ಅಲ್ಲಿ ನಿಷಿದ್ಧ.

ಈ ಪಟ್ಟಿಯನ್ನು ಓದುವ ಜೈನ ಶ್ರಾವಕನಿಗೆ ಕುಂದಕುಂದಾಚಾರ್ಯರ ನಿಯಮಸಾರ ನೆನಪಾಗದೆ ಇರದು. ಮುನಿಗಳ ಐದು ಸಮಿತಿಗಳಲ್ಲಿ ಎರಡನೆಯದಾದ ಭಾಷಾ ಸಮಿತಿಯನ್ನು ವಿವರಿಸುವಾಗ ಆಚಾರ್ಯರು ಬಿಡಬೇಕಾದ ಮಾತುಗಳನ್ನು ಹೆಸರಿಸುತ್ತಾರೆ: ಚಾಡಿ, ಅಪಹಾಸ್ಯ, ಕರ್ಕಶ ನುಡಿ, ಪರನಿಂದೆ, ಆತ್ಮಪ್ರಶಂಸೆ. ತನಗೂ ಇತರರಿಗೂ ಹಿತವಾದುದನ್ನು ಆಡುವುದೇ ಸಮಿತಿ. ಇದು ಮಹಾವ್ರತಿಗಳಿಗೆ ಹೇಳಿದ ನಿಯಮ, ಗೃಹಸ್ಥರಿಗೆ ಇಷ್ಟೇ ಬಿಗಿಯಾಗಿ ಅನ್ವಯಿಸುವುದಲ್ಲ ಎಂಬುದು ನಿಜ. ಆದರೂ ಒಂದು ವ್ಯತ್ಯಾಸ ಗಮನಾರ್ಹ. ಆಧುನಿಕ ಸಂಹಿತೆಯಲ್ಲಿ ಪರನಿಂದೆ ಇದೆ, ಆತ್ಮಪ್ರಶಂಸೆ ಇಲ್ಲ. ತನ್ನನ್ನು ಹೊಗಳಿಕೊಳ್ಳುವುದರಿಂದ ಯಾರಿಗೂ ನೋವಾಗದು ಎಂದು ಸಂಹಿತೆ ಬರೆದವರು ಭಾವಿಸಿರಬಹುದು. ಪರನಿಂದೆ ಮೊಳೆಯುವುದೇ ಆತ್ಮಪ್ರಶಂಸೆಯ ಮಣ್ಣಿನಲ್ಲಿ ಎಂಬುದು ಆಚಾರ್ಯರಿಗೆ ತಿಳಿದಿತ್ತು.

ಹೊಸ ಸಂಹಿತೆಗೆ ವಿರೋಧವೂ ಬಂದಿತು. ಸೌಜನ್ಯದ ಹೆಸರಿನಲ್ಲಿ ಗುಣಮಟ್ಟ ಇಳಿಯುವುದಿಲ್ಲವೇ, ತಪ್ಪನ್ನು ತಪ್ಪೆನ್ನಲು ಹಿಂಜರಿಕೆ ಹುಟ್ಟುವುದಿಲ್ಲವೇ ಎಂಬ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಸತ್ಯವ್ರತವನ್ನು ನೆಲೆಗೊಳಿಸುವ ಐದು ಭಾವನೆಗಳನ್ನು ಉಮಾಸ್ವಾತಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹೇಳುತ್ತಾರೆ. ಕ್ರೋಧ, ಲೋಭ, ಹಾಸ್ಯಗಳ ತ್ಯಾಗದ ಜೊತೆಯಲ್ಲೇ ಭಯದ ತ್ಯಾಗವೂ ಅಲ್ಲಿದೆ. ಅಂಜಿ ಆಡುವ ಸಿಹಿಮಾತೂ ಸತ್ಯಕ್ಕೆ ಕುಂದೇ. ಐದನೆಯದು ವಿವೇಚಿಸಿ ಆಡುವುದು. ಹಾಗಾಗಿ ಭಾಷಾ ಸಮಿತಿಯೆಂದರೆ ಬೆಲ್ಲದಂತಹ ಮಾತು ಎಂದು ತಿಳಿಯುವುದು ತಪ್ಪು. ಕಾಲಿಡುವ ಮುನ್ನ ನೆಲವನ್ನು ನೋಡುವ ಈರ್ಯಾ ಸಮಿತಿಯ ಎಚ್ಚರವೇ ನಾಲಗೆಗೂ ಬರಬೇಕು ಎಂಬುದಷ್ಟೇ ಅದರ ಇಂಗಿತ. ಅದೇ ಅಧ್ಯಾಯ ಹಿಂಸೆಯ ಮೂಲವನ್ನು ಪ್ರಮತ್ತಯೋಗದಲ್ಲಿ, ಅಂದರೆ ಕಷಾಯದಿಂದ ಮೈಮರೆತ ಮನ ವಚನ ಕಾಯಗಳ ಪ್ರವೃತ್ತಿಯಲ್ಲಿ ಕಾಣುತ್ತದೆ. ವೈದ್ಯ ಹುಣ್ಣನ್ನು ಕೊಯ್ದಾಗಲೂ ನೋವಿದೆ, ಆದರೆ ಅಲ್ಲಿ ಕಷಾಯವಿಲ್ಲ. ‘ಈ ಕೋಡ್ ನಡೆಯದು, ಇಂತಹ ಕಾರಣಕ್ಕೆ’ ಎಂಬ ಮಾತು ಎಷ್ಟೇ ನಿಷ್ಠುರವಾದರೂ ವೈದ್ಯನ ಶಸ್ತ್ರ. ‘ಇದನ್ನು ಬರೆದ ನೀನು ಮೂಢ’ ಎಂಬಲ್ಲಿ ಕೋಡಿನ ದೋಷ ಹಾಗೆಯೇ ಉಳಿದು ಮನುಷ್ಯನೊಬ್ಬ ಗಾಯಗೊಳ್ಳುತ್ತಾನೆ.

ಗಾಯಗೊಂಡವನು ಮರಳಿ ಬರದಿದ್ದರೆ ಆ ನಷ್ಟ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಶ್ರವಣಬೆಳಗೊಳದಲ್ಲಿ ಗುಳ್ಳಕಾಯಜ್ಜಿಯ ಕಥೆಯನ್ನು ಕೇಳದವರಿಲ್ಲ. ಗೊಮ್ಮಟನ ಮೂರ್ತಿಯನ್ನು ನಿಲ್ಲಿಸಿದ ಚಾವುಂಡರಾಯ ಕೊಡಗಟ್ಟಲೆ ಹಾಲನ್ನು ಎರೆಸಿದರೂ ಅದು ಸ್ವಾಮಿಯ ಪಾದಕ್ಕಿಳಿಯಲಿಲ್ಲ. ಮುದುಕಿಯೊಬ್ಬಳು ಗುಳ್ಳದ ಕಾಯಿಯ ಕರಟದಲ್ಲಿ ತಂದ ಹಾಲು ಇಡೀ ಮೂರ್ತಿಯನ್ನು ತೋಯಿಸಿತು. ಮಹಾಮಂತ್ರಿಯ ಮಾನಕಷಾಯ ಅಲ್ಲಿ ಕರಗಿತೆಂದು ಹೇಳುವ ಈ ಕಥೆಯಲ್ಲಿ ಸಾಮಾನ್ಯವಾಗಿ ಗಮನಿಸದ ಒಂದು ಘಟ್ಟವಿದೆ. ಆ ಮುದುಕಿಯನ್ನು ಬೆಟ್ಟದ ಮೇಲಕ್ಕೆ ಬಿಟ್ಟರು. ಬಾಗಿಲಲ್ಲೇ ಯಾರಾದರೂ ‘ಈ ಕರಟ ಹಿಡಿದು ಇಲ್ಲಿಗೇಕೆ ಬಂದೆ’ ಎಂದು ಗದರಿದ್ದರೆ ಅಭಿಷೇಕ ಪೂರ್ಣವಾಗುತ್ತಿರಲಿಲ್ಲ, ಏಕೆ ಪೂರ್ಣವಾಗಲಿಲ್ಲವೆಂಬುದೂ ಯಾರಿಗೂ ತಿಳಿಯುತ್ತಿರಲಿಲ್ಲ. ಮುಕ್ತ ತಂತ್ರಾಂಶ ನಿಂತಿರುವುದು ಇಂತಹ ಕರಟದ ಹಾಲಿನ ಮೇಲೆಯೇ. ಎಲ್ಲಿಯದೋ ಊರಿನ ವಿದ್ಯಾರ್ಥಿ ಕಳುಹಿಸುವ ಎರಡು ಸಾಲಿನ ತಿದ್ದುಪಡಿಗೆ ಮೊದಲ ಉತ್ತರವೇ ಬೈಗುಳವಾದರೆ ಎರಡನೆಯ ತಿದ್ದುಪಡಿ ಬರುವುದಿಲ್ಲ.

ಸೌಜನ್ಯದ ನಿಯಮ ಮುಟ್ಟಲಾರದ ಒಂದು ಜಾಗವೂ ಉಂಟು. 2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಬೆಳಕಿಗೆ ತಂದ ಪ್ರಕರಣ ಅದನ್ನು ತೋರಿಸಿತು. ಕಡತಗಳನ್ನು ಕುಗ್ಗಿಸುವ ಎಕ್ಸ್‌ಜೆಡ್ ಎಂಬ ಉಪಕರಣವನ್ನು ಬಹುಮಟ್ಟಿಗೆ ಒಬ್ಬರೇ, ಪ್ರತಿಫಲವಿಲ್ಲದೆ ನೋಡಿಕೊಳ್ಳುತ್ತಿದ್ದರು. 2022ರಲ್ಲಿ ಕೆಲವು ಅಪರಿಚಿತ ಹೆಸರುಗಳು ಅವರನ್ನು ಕಾಡತೊಡಗಿದವು: ಕೆಲಸ ನಿಧಾನವಾಗಿದೆ, ನಿಮಗಾಗದಿದ್ದರೆ ಬೇರೆಯವರಿಗೆ ಬಿಟ್ಟುಕೊಡಿ. ಅದೇ ಕಾಲಕ್ಕೆ ಇನ್ನೊಂದು ಹೆಸರಿನ ನೆರವುಗಾರ ತಾಳ್ಮೆಯಿಂದ, ನಯವಾಗಿ, ಒಳ್ಳೆಯ ತಿದ್ದುಪಡಿಗಳನ್ನು ಕಳುಹಿಸುತ್ತ ಹತ್ತಿರವಾದ. ದಣಿದಿದ್ದ ನಿರ್ವಾಹಕರು ಅವನಿಗೆ ಅಧಿಕಾರ ಹಂಚಿಕೊಟ್ಟರು. ಎರಡು ವರ್ಷಗಳ ಬಳಿಕ ಆ ಉಪಕರಣದೊಳಗೆ, ಸರ್ವರ್‌ಗಳಿಗೆ ಕಳ್ಳದಾರಿ ತೆರೆಯುವ ಕೋಡ್ ಸೇರಿತ್ತು. ಲಾಗಿನ್ ಆಗಲು ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಎಂದು ಫ್ರಾಯಿಂಡ್ ಬೆನ್ನುಹತ್ತದಿದ್ದರೆ ಅದು ಜಗತ್ತಿನಾದ್ಯಂತ ಹರಡುತ್ತಿತ್ತು.

ಇಲ್ಲಿ ಕ್ರೋಧದ ನುಡಿ ದಾರಿ ಮಾಡಿಕೊಟ್ಟಿತು, ಮಾಯೆ ಒಳನುಗ್ಗಿತು. ಬೈದವರೂ ನಯವಾಗಿ ಬಂದವನೂ ಒಂದೇ ಸಂಚಿನ ಭಾಗವೆಂಬುದು ಪರಿಶೀಲಿಸಿದ ಅನೇಕರ ಅಭಿಪ್ರಾಯ. ಯಾವ ನಡವಳಿಕೆ ಸಂಹಿತೆಯೂ ಆ ನಯಗಾರನನ್ನು ಹಿಡಿಯುತ್ತಿರಲಿಲ್ಲ, ಅವನ ಮಾತಿನಲ್ಲಿ ತಪ್ಪಿರಲಿಲ್ಲ. ದಶಧರ್ಮಗಳಲ್ಲಿ ಮಾರ್ದವದ ಪಕ್ಕದಲ್ಲೇ ಆರ್ಜವಕ್ಕೆ ಪ್ರತ್ಯೇಕ ಸ್ಥಾನವಿರುವುದು ಸುಮ್ಮನೆ ಅಲ್ಲ. ಆದರೆ ದಣಿದ ಆ ನಿರ್ವಾಹಕರ ಪರವಾಗಿ ಯಾರಾದರೂ ಆಗ ಗಟ್ಟಿಯಾಗಿ ಎರಡು ಮಾತು ಆಡಿದ್ದರೆ? ಸುತ್ತಲಿದ್ದವರ ಮೌನವನ್ನು ಯಾವ ಗುಪ್ತಿಯೆಂದೂ ಕರೆಯಲಾಗದು.

ನಿಯಮವನ್ನು ಬರೆಯುವುದು ಸುಲಭ, ಮುರಿದವನನ್ನು ಏನು ಮಾಡಬೇಕೆಂಬುದೇ ಕಷ್ಟ. ಶ್ರಮಣ ಸಂಘ ಈ ಕಷ್ಟವನ್ನು ಎರಡು ಸಾವಿರ ವರ್ಷಗಳಿಗೂ ಹಿಂದಿನಿಂದ ಎದುರಿಸಿ ಬಂದಿದೆ. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯ ಪ್ರಾಯಶ್ಚಿತ್ತದ ಒಂಬತ್ತು ಬಗೆಗಳನ್ನು ಹೇಳುತ್ತದೆ. ಗುರುವಿನ ಮುಂದೆ ದೋಷವನ್ನು ಮುಚ್ಚಿಡದೆ ಹೇಳಿಕೊಳ್ಳುವ ಆಲೋಚನೆಯಿಂದ ಅದು ಆರಂಭ. ಪ್ರತಿಕ್ರಮಣ, ತಪ ಮೊದಲಾದವು ನಡುವೆ ಬರುತ್ತವೆ. ಕೊನೆಯ ಮೂರು ಗಂಭೀರ ದೋಷಗಳಿಗೆ: ದೀಕ್ಷಾಕಾಲದ ಹಿರಿತನವನ್ನು ಕಡಿಮೆ ಮಾಡುವ ಛೇದ, ನಿಯತ ಅವಧಿಗೆ ಸಂಘದಿಂದ ದೂರವಿರಿಸುವ ಪರಿಹಾರ, ಮತ್ತೆ ದೀಕ್ಷೆಯಿತ್ತು ಸೇರಿಸಿಕೊಳ್ಳುವ ಉಪಸ್ಥಾಪನೆ. ನಿತ್ಯದ ಕನ್ನಡದಲ್ಲಿ ಪರಿಹಾರವೆಂದರೆ ಸರ್ಕಾರ ಕೊಡುವ ಹಣ. ಇಲ್ಲಿ ಅದು ದೂರವಿಡುವಿಕೆ. ಹಾಗಿದ್ದರೂ ಪಟ್ಟಿ ಮುಗಿಯುವುದು ಹೊರಹಾಕುವುದರಲ್ಲಿ ಅಲ್ಲ, ಮರಳಿ ಕರೆದುಕೊಳ್ಳುವುದರಲ್ಲಿ.

2024ರ ನವೆಂಬರ್‌ನಲ್ಲಿ ಲಿನಕ್ಸ್ ಬಳಗ ಇದಕ್ಕೆ ಬಹಳ ಹತ್ತಿರದ ಹೆಜ್ಜೆಯಿಟ್ಟಿತು. ಕಡತ ವ್ಯವಸ್ಥೆಯೊಂದನ್ನು ಹಲವು ವರ್ಷ ದುಡಿದು ಕಟ್ಟಿದ ಪ್ರತಿಭಾವಂತ ತಂತ್ರಜ್ಞರೊಬ್ಬರು ಸಹೋದ್ಯೋಗಿಗೆ ನಿಂದೆಯ ಪತ್ರ ಬರೆದಿದ್ದರು. ಬಹಿರಂಗ ಕ್ಷಮೆ ಕೇಳಬೇಕೆಂದು ಸಂಹಿತೆಯ ಸಮಿತಿ ಬಯಸಿತು, ಅವರು ಒಪ್ಪಲಿಲ್ಲ. 6.13ನೆಯ ಆವೃತ್ತಿಯ ಅವಧಿಯುದ್ದಕ್ಕೂ ಅವರ ಕೊಡುಗೆಗಳನ್ನು ಸ್ವೀಕರಿಸದಿರಲು ತೀರ್ಮಾನವಾಯಿತು. ಮೊದಲು ಕ್ಷಮೆಗೆ ಅವಕಾಶ, ಅದಾಗದಿದ್ದರೆ ಒಂದು ಅವಧಿಯ ದೂರ, ಆಮೇಲೆ ಬಾಗಿಲು ತೆರೆದೇ ಇರುತ್ತದೆ. ಅವಧಿ ಮುಗಿದ ಮೇಲೆ ಆ ತಂತ್ರಜ್ಞರು ಮರಳಿದರು. ಆದರೆ ಒಡನಾಡಿಗಳೊಂದಿಗಿನ ತಿಕ್ಕಾಟ ನಿಲ್ಲಲಿಲ್ಲ. 2025ರಲ್ಲಿ ಆ ಕಡತ ವ್ಯವಸ್ಥೆಯೇ ಲಿನಕ್ಸ್‌ನ ಮೂಲದಿಂದ ಹೊರಬಿದ್ದಿತು. ಯಾರದು ಎಷ್ಟು ತಪ್ಪೆಂದು ತೂಗುವುದು ಇಲ್ಲಿಯ ಕೆಲಸವಲ್ಲ. ಆಲೋಚನೆಯಿಲ್ಲದ ಪರಿಹಾರ ಬರಿಯ ಕಾಲಹರಣವಾಗಬಹುದು ಎಂಬುದನ್ನು ಮಾತ್ರ ಆ ಘಟನೆ ಕಾಣಿಸುತ್ತದೆ. ತನ್ನ ದೋಷ ತನಗೇ ಕಾಣದವನು ಹೊರಗಿದ್ದರೂ ಒಳಗಿದ್ದರೂ ಒಂದೇ. ಕಾಣಿಸುವ ತಾಳ್ಮೆ ಸಂಘಕ್ಕೆ ಇಲ್ಲದಿದ್ದರೂ ಫಲ ಅದೇ.

ಟೋರ್ವಾಲ್ಡ್ಸ್ ಅವರಲ್ಲಿ ಆಲೋಚನೆ ತಾನಾಗಿಯೇ ಮೊದಲು ಬಂದಿತ್ತು. 2018ರ ಅಕ್ಟೋಬರ್ 22ರಂದು, 4.19ನೆಯ ಆವೃತ್ತಿ ಬಿಡುಗಡೆಯಾದಾಗ, ಅವರು ಹೊಣೆಗೆ ಮರಳಿದರು. ಬೈಗುಳದ ಪದವಿರುವ ಪತ್ರ ತಮ್ಮ ಕಂಪ್ಯೂಟರಿನಿಂದ ಹೊರಡದಂತೆ ತಡೆಯುವ ಏರ್ಪಾಡೊಂದನ್ನು ಮಾಡಿಕೊಂಡಿರುವುದಾಗಿ ಅವರು ಆ ದಿನಗಳಲ್ಲಿ ಹೇಳಿದ್ದರು. ವಚನಗುಪ್ತಿಯನ್ನು ಯಂತ್ರಕ್ಕೆ ಒಪ್ಪಿಸಿದ್ದು ಕೇಳಿ ನಗು ಬರಬಹುದು. ಮನೆಯಲ್ಲಿ ಮೌನವ್ರತಕ್ಕೆ ಬಾಯಿಗೆ ಬಟ್ಟೆ ಕಟ್ಟಿಕೊಂಡು ಕೂರುವವರೂ ನಮ್ಮಲ್ಲಿ ಇಲ್ಲದಿಲ್ಲ.

ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಗೊಮ್ಮಟಸಾರದಲ್ಲಿ ಕ್ರೋಧವನ್ನು ನಾಲ್ಕು ಗೆರೆಗಳಿಗೆ ಹೋಲಿಸುತ್ತಾರೆ: ಕಲ್ಲಿನ ಮೇಲಿನದು, ನೆಲದ ಮೇಲಿನದು, ಧೂಳಿನ ಮೇಲಿನದು, ನೀರಿನ ಮೇಲಿನದು. ಗೆರೆ ಮೂಡುವುದೇ ಇಲ್ಲದ ಸ್ಥಿತಿ ವೀತರಾಗರದು. ಉಳಿದವರ ಸಾಧನೆಯೆಲ್ಲ ಕಲ್ಲಿನಿಂದ ನೀರಿನ ಕಡೆಗೆ. 2025ರ ಆಗಸ್ಟ್‌ನಲ್ಲಿ, ತಡವಾಗಿ ಬಂದ ಒಂದು ಕಂತಿನ ತಿದ್ದುಪಡಿಗಳನ್ನು ಟೋರ್ವಾಲ್ಡ್ಸ್ ಕಸವೆಂದು ಕರೆದು ಹಿಂತಿರುಗಿಸಿದರು. ಹಳೆಯ ಚಾಳಿ ಮರಳಿತೆಂದು ಕೆಲವರು ಅಂದುಕೊಂಡರು. ಅದನ್ನು ಕಳುಹಿಸಿದ್ದ ನಿರ್ವಾಹಕರು ಪ್ರತಿಯಾಗಿ ಕೆರಳಲಿಲ್ಲ. ಇತ್ತೀಚೆಗೆ ತಮ್ಮ ಕೆಲಸದಲ್ಲಿ ಲೋಪವಾಗಿರುವುದು ನಿಜ, ಇನ್ನು ತಡಮಾಡುವುದಿಲ್ಲ ಎಂದು ಉತ್ತರ ಬರೆದರು.